ತೊಗರಿ ನಾಡಿನವನ ಹರಿಗೋಲು

ನಮ್ಮ ಅಂದೋಲಾ ಹೊಳೆಯ ದಂಡೆಯ ಊರಲ್ಲ. ಜೇವರ್ಗಿ ತಾಲ್ಲೂಕಿನ ಎರೆಭೂಮಿಯ ನಡುವೆ ಇರುವ ಹೋಬಳಿ ಊರು. ಸುತ್ತ ಕಣ್ಣು ಹಾಯಿಸಿದಷ್ಟು ದೂರ ತೊಗರಿ, ಬಿಳಿಜೋಳ, ಹತ್ತಿ. ಮಳೆಗಾಲದಲ್ಲಿ ಚಪ್ಪಲಿಗೆ ಸೇರುಗಟ್ಟಲೆ ರಾಡಿ ಅಂಟಿಸುವ ಈ ಮಣ್ಣು ಬೇಸಿಗೆ ಬಂತೆಂದರೆ ಅಂಗೈ ಅಗಲ ಬಿರುಕು ಬಿಡುತ್ತದೆ. ನಾನು ಚಿಕ್ಕವನಾಗಿದ್ದಾಗ ನೀರೆಂದರೆ ಬಾವಿಯ ತಳದಲ್ಲಿ ಹೊಳೆಯುವ ಒಂದು ಬಿಲ್ಲೆ ಮಾತ್ರ. ಇಂಥ ಊರಿನಲ್ಲಿ ಹುಟ್ಟಿದವನು ನಿವೃತ್ತಿಯ ನಂತರ ಹರಿಗೋಲು ಕೊಂಡನೆಂದರೆ ಜನ ನಗದೆ ಇರುತ್ತಾರೆಯೇ? ನನ್ನ ಜೊತೆಯ ಶಿಕ್ಷಕರಲ್ಲಿ ಒಬ್ಬರು ಕಲಬುರಗಿಯಲ್ಲಿ ನಿವೇಶನ ಕೊಂಡರು, ಒಬ್ಬರು ಕಾಶಿ ರಾಮೇಶ್ವರ ಮುಗಿಸಿ ಬಂದರು. ನಾನು ಹರಿಗೋಲು ಕೊಂಡೆ. "ಮಾಸ್ತರ್ಗ ಪೆನ್ಷನ್ ಹೆಚ್ಚಾಗ್ಯಾದ" ಎಂದು ಕಟ್ಟೆಯ ಮೇಲೆ ಕುಳಿತವರು ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

2007ರಿಂದ 2018ರವರೆಗೆ ಹನ್ನೊಂದು ವರ್ಷ ನಾನು ಹರಿಗೋಲಿನ ಯಜಮಾನನಾಗಿದ್ದೆ. ಮೀನು ಹಿಡಿಯಲಿಲ್ಲ, ಜನರನ್ನು ದಾಟಿಸಿ ಕಾಸು ಪಡೆಯಲಿಲ್ಲ. ಕೇವಲ ಮನಸ್ಸಿನ ಸಂತೋಷಕ್ಕಾಗಿ ಇಟ್ಟುಕೊಂಡಿದ್ದೆ. ಆ ಅವಧಿಯಲ್ಲಿ ಕಲಿತದ್ದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೆ. ಓದುಗ ಮಿತ್ರರಲ್ಲಿ ಯಾರಾದರೂ ನೀರಿನ ಹತ್ತಿರ ಇರುವವರಿದ್ದರೆ ಅವರಿಗೆ ಉಪಯೋಗವಾದೀತು. ಇಲ್ಲದವರಿಗೆ ಒಬ್ಬ ಮುದಿ ಮಾಸ್ತರನ ತಪ್ಪೊಪ್ಪಿಗೆಯಾಗಿಯಾದರೂ ಓದಿಸಿಕೊಂಡೀತು.

ಈ ಹುಚ್ಚು ಅಂಟಿಕೊಂಡದ್ದು 1973ರಲ್ಲಿ. ಹಿಂದಿನ ವರ್ಷದ ಬರಗಾಲವನ್ನು ನಮ್ಮ ಕಡೆಯ ಹಿರಿಯರು ಇಂದಿಗೂ ಮರೆತಿಲ್ಲ. ಆ ಬರದ ಬೆನ್ನಿಗೆ ನನಗೆ ಭೀಮಾ ನದಿಯ ದಂಡೆಯ ಒಂದು ಹಳ್ಳಿಯ ಶಾಲೆಗೆ ನೇಮಕವಾಯಿತು. ಟ್ರಂಕು ಹೊತ್ತು ದಂಡೆಗೆ ಬಂದವನಿಗೆ ಶಾಲೆ ಆಚೆ ದಡದಲ್ಲಿದೆ ಎಂದು ತಿಳಿದದ್ದೇ ಅಲ್ಲಿ. ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಅಮರಜೆಯನ್ನು ಕೂಡಿಕೊಂಡು, ಸನ್ನತಿಯ ಚಂದ್ರಲಾಂಬೆಯ ಗುಡಿಯ ಪಕ್ಕ ಹಾಯ್ದು, ಕೊನೆಗೆ ರಾಯಚೂರಿನ ಕಡೆ ಕೃಷ್ಣೆಯನ್ನು ಸೇರುವ ಈ ನದಿಯನ್ನು ನಾನು ಭೂಗೋಳದ ಪಾಠದಲ್ಲಿ ಬಾಯಿಪಾಠ ಮಾಡಿದ್ದೆ. ಆದರೆ ಕಣ್ಣಾರೆ ಕಂಡು, ಅದರ ಮೇಲೆ ಒಂದು ಬುಟ್ಟಿಯಲ್ಲಿ ಕುಳಿತು ಸಾಗಿದ್ದು ಅದೇ ಮೊದಲು. ಎರಡೂ ಕೈಯಿಂದ ಅಂಚನ್ನು ಬಿಗಿಯಾಗಿ ಹಿಡಿದಿದ್ದೆ. ಹುಟ್ಟು ಹಾಕುತ್ತಿದ್ದ ಅಂಬಿಗರ ಕಾಕಾ ನಕ್ಕು, "ಸರ, ಅದನ್ನ ನೀವು ಹಿಡೀಬ್ಯಾಡ್ರಿ, ಅದೇ ನಿಮ್ಮನ್ನ ಹಿಡೀತಾದ" ಎಂದಿದ್ದರು.

ಅಂದಿನ ಹರಿಗೋಲುಗಳಿಗೆ ಎಮ್ಮೆಯ ತೊಗಲು ಹೊದಿಸುತ್ತಿದ್ದರು. ಕಾಕಾ ಅದನ್ನು ಕಟ್ಟುವುದನ್ನು ನಾನು ರಜೆಯ ದಿನಗಳಲ್ಲಿ ಕುಳಿತು ನೋಡಿದ್ದೇನೆ. ಮೊದಲು ಬಿದಿರನ್ನು ಸೀಳಿ ದಬ್ಬೆ ಮಾಡುವುದು. ದಬ್ಬೆಗಳನ್ನು ನೆಲದ ಮೇಲೆ ಅಡ್ಡ ಉದ್ದ ಹಾಸಿ ಚಾಪೆಯಂತೆ ಹೆಣೆಯುವುದು. ನಡುವೆ ಭಾರದ ಕಲ್ಲುಗಳನ್ನು ಹೇರಿ, ಸುತ್ತಲಿನ ತುದಿಗಳನ್ನು ಮೇಲಕ್ಕೆ ಬಾಗಿಸಿ, ಅಂಚಿಗೆ ದಪ್ಪನೆಯ ಕಟ್ಟು ಸುತ್ತುವುದು. ಕೊನೆಗೆ ಹಸಿ ತೊಗಲನ್ನು ಹೊರಗಿನಿಂದ ಎಳೆದು ಬಿಗಿಯುವುದು. ತೊಗಲು ಒಣಗಿದಂತೆಲ್ಲ ಬುಟ್ಟಿಯನ್ನು ತಾನೇ ಬಿಗಿಯಾಗಿ ಅಪ್ಪಿಕೊಳ್ಳುತ್ತಿತ್ತು. ತೊಗಲಿಗೆ ಎಣ್ಣೆ ಬೇಕು, ಬಿಸಿಲು ಬೇಕು, ಆದರೆ ಬಹಳ ಬಿಸಿಲು ಬೇಡ. ನೀರಿನಲ್ಲೇ ಬಿಟ್ಟರೆ ಕೊಳೆಯುತ್ತದೆ, ಬಿಸಿಲಿನಲ್ಲೇ ಬಿಟ್ಟರೆ ಸೀಳುತ್ತದೆ. ಮುಂದೆ ತೊಗಲಿನ ಜಾಗಕ್ಕೆ ಟಾರ್ಪಾಲಿನ್, ಗೊಬ್ಬರದ ಪ್ಲಾಸ್ಟಿಕ್ ಚೀಲ ಬಂದವು. ಅದರ ಮೇಲೆ ಕುದಿಯುವ ಡಾಂಬರು ಬಳಿಯುವುದು ರೂಢಿಯಾಯಿತು. ಈಗಂತೂ ಫೈಬರಿನವು ಬಂದಿವೆ. ಹೊದಿಕೆ ಬದಲಾದರೂ ಆಕಾರ ಬದಲಾಗಲಿಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಜನರು ಬುಟ್ಟಿಯಂಥ ದುಂಡನೆಯ ದೋಣಿಗಳಲ್ಲಿ ಹೊಳೆ ದಾಟುವುದನ್ನು ಕಂಡು ಬರೆದಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು. ನೇರವಾಗಿ ಹೋಗದೆ ಸದಾ ಸುತ್ತುತ್ತಿರುತ್ತವೆ ಎನ್ನುತ್ತಾನೆ. ಐನೂರು ವರ್ಷಗಳ ನಂತರ ನಾನೂ ಮೊದಲ ತಿಂಗಳೆಲ್ಲ ಸುತ್ತಿದ್ದೇ ಸುತ್ತಿದ್ದು.

ಆ ಕಾಕಾನ ಮಗ ನನ್ನ ವಿದ್ಯಾರ್ಥಿ. 1976ರ ಸುಮಾರಿಗೆ ಆರನೆಯ ತರಗತಿಯಲ್ಲಿದ್ದ. ಜಾಣ, ಲೆಕ್ಕದಲ್ಲಿ ಬಾಯಿಲೆಕ್ಕವೇ ಸಾಕು ಎನ್ನುವಂಥವನು. ಆದರೆ ಮಳೆಗಾಲ ಬಂತೆಂದರೆ ದಿನವೂ ತಡ. ಪ್ರಾರ್ಥನೆ ಮುಗಿದು, ಹಾಜರಿ ಮುಗಿದು, ಮೊದಲ ಪಾಠ ಅರ್ಧಕ್ಕೆ ಬಂದಾಗ ಒದ್ದೆ ಚಡ್ಡಿಯಲ್ಲಿ ಬಾಗಿಲಲ್ಲಿ ನಿಲ್ಲುತ್ತಿದ್ದ. ನಾನು ಆಗ ಇಪ್ಪತ್ತೆಂಟರ ಶಿಸ್ತಿನ ಮಾಸ್ತರ. ಒಂದು ದಿನ ಅವನು ಏನೋ ಹೇಳಲು ಬಾಯಿ ತೆರೆದಾಗ, "ಎದುರು ಮಾತಾಡಬ್ಯಾಡ. ಹಿರಿಯರು ಅಂದಾಗ ಸುಮ್ಮನ ಕೇಳಬೇಕು" ಎಂದು ಗದರಿ, ಅಂಗೈಗೆ ಎರಡು ಏಟು ಕೊಟ್ಟು ಹೊರಗೆ ನಿಲ್ಲಿಸಿದೆ. ಆ ಮೇಲೆ ಅವನು ಎಂದೂ ಬಾಯಿ ತೆರೆಯಲಿಲ್ಲ. ತಡವಾಗಿ ಬರುವುದು, ಕೈ ಚಾಚುವುದು, ಹೊರಗೆ ನಿಲ್ಲುವುದು. ಏಳನೆಯ ತರಗತಿ ಮುಗಿಸಿ ಶಾಲೆ ಬಿಟ್ಟ. ನನಗೂ ಬೇರೆ ಊರಿಗೆ ವರ್ಗವಾಯಿತು.

2006ರಲ್ಲಿ ನಿವೃತ್ತನಾದೆ. ಮನೆಯಲ್ಲಿ ಕುಳಿತು ಬೇಸರ ಬಂದಾಗ ಒಂದು ದಿನ ಸುಮ್ಮನೆ ಬಸ್ಸು ಹಿಡಿದು ಆ ಹಳ್ಳಿಗೆ ಹೋದೆ. ಕಾಕಾ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ದಂಡೆಯ ಜಾಲಿಯ ಮರದ ಕೆಳಗೆ ನಡುವಯಸ್ಸಿನ ಒಬ್ಬಾತ ಹರಿಗೋಲು ಬೋರಲು ಹಾಕಿ ಡಾಂಬರು ಬಳಿಯುತ್ತಿದ್ದ. ನನ್ನನ್ನು ಕಂಡವನೇ ಕೈ ಒರೆಸಿಕೊಂಡು ಎದ್ದು ನಿಂತ, ತರಗತಿಯಲ್ಲಿ ನಿಂತಂತೆಯೇ. ಮಾತಿಗೆ ಮಾತು ಬೆಳೆದು ನನ್ನ ಹಳೆಯ ಆಸೆ ಹೊರಬಿತ್ತು. "ನಿಮಗ ಯಾಕ್ರಿ ಸರ ಇದು?" ಎಂದು ನಕ್ಕನಾದರೂ ಮುಂದಿನ ಬೇಸಿಗೆಗೆ ನನಗಾಗಿ ಒಂದನ್ನು ಕಟ್ಟಿಕೊಟ್ಟ. ಆರಡಿ ಅಗಲದ್ದು, ನಾಲ್ಕು ಜನ ಕುಳಿತುಕೊಳ್ಳುವಂಥದ್ದು. ನನ್ನ ಒಂದು ತಿಂಗಳ ಪಿಂಚಣಿಗಿಂತ ಕಡಿಮೆಯಲ್ಲೇ ಆಯಿತು. ಅದನ್ನು ಅವನ ಗುಡಿಸಲಿನ ಪಕ್ಕದಲ್ಲೇ ಇಟ್ಟು, ವಾರಕ್ಕೆ ಎರಡು ಸಲ ಅಂದೋಲಾದಿಂದ ಹೋಗಿ ಬರುವುದೆಂದು ಗೊತ್ತು ಮಾಡಿಕೊಂಡೆ. ಗುರು ಶಿಷ್ಯನಾದ, ಶಿಷ್ಯ ಗುರುವಾದ.

ಮೊದಲನೆಯ ಪಾಠ ಹತ್ತುವುದು. ದಂಡೆಯಿಂದ ಹಾರಿ ಅಂಚಿನ ಮೇಲೆ ಕಾಲಿಟ್ಟರೆ ಹರಿಗೋಲು ಅಲ್ಲೇ ಮಗುಚುತ್ತದೆ. ಅಂಚನ್ನು ಇನ್ನೊಬ್ಬರು ಹಿಡಿದಿರಬೇಕು. ಬಗ್ಗಿ, ಒಂದು ಕಾಲನ್ನು ನೇರವಾಗಿ ನಡುವಿಗೆ ಇಟ್ಟು, ಮೈಯನ್ನು ತಗ್ಗಿಸಿಕೊಂಡೇ ಕೂಡಬೇಕು. ಎರಡನೆಯವರು ಮೊದಲನೆಯವರ ಎದುರಿಗೆ ಕೂಡಬೇಕು, ಪಕ್ಕದಲ್ಲಲ್ಲ. ಒಬ್ಬೊಬ್ಬರಾಗಿ ಹತ್ತಬೇಕು, ಒಬ್ಬೊಬ್ಬರಾಗಿ ಇಳಿಯಬೇಕು. ದಡ ಕಂಡ ಕೂಡಲೇ ಎಲ್ಲರೂ ಒಂದೇ ಕಡೆಗೆ ಏಳುತ್ತಾರೆ ನೋಡಿ, ಹೆಚ್ಚಿನ ಅನಾಹುತಗಳಿಗೆ ಆ ಗಳಿಗೆಯೇ ದಾರಿ. ತಳ ಚಪ್ಪಟೆಯಾಗಿರುವುದರಿಂದ ಹರಿಗೋಲು ಮೊಣಕಾಲುದ್ದ ನೀರಿನಲ್ಲೂ ತೇಲುತ್ತದೆ, ಕುಳಿತವರನ್ನು ಸುಲಭವಾಗಿ ಬೀಳಿಸುವುದಿಲ್ಲ. ನಿಂತವರನ್ನು ಮಾತ್ರ ಅದು ಸಹಿಸುವುದಿಲ್ಲ.

ಎರಡನೆಯದು ಹುಟ್ಟು ಹಾಕುವುದು. ಉದ್ದನೆಯ ದೋಣಿಗೆ ಹಾಕಿದಂತೆ ಬಗಲಿಗೆ ಹುಟ್ಟು ಹಾಕಿದರೆ ಹರಿಗೋಲು ಬುಗುರಿಯಂತೆ ತಿರುಗುತ್ತದೆ. ಹಂಪಿಯಲ್ಲಿ ಪ್ರವಾಸಿಗರನ್ನು ನಗಿಸಲು ಬೇಕೆಂದೇ ಹೀಗೆ ಗರಗರ ತಿರುಗಿಸುತ್ತಾರೆ. ಮುಂದಕ್ಕೆ ಹೋಗಬೇಕಾದರೆ ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ, ಹುಟ್ಟನ್ನು ಎದುರಿಗೆ ನೀರಿಗಿಳಿಸಿ, ತನ್ನ ಕಡೆಗೆ ಎಳೆದುಕೊಳ್ಳಬೇಕು. ಒಮ್ಮೆ ಕೊಂಚ ಎಡಕ್ಕೆ, ಒಮ್ಮೆ ಕೊಂಚ ಬಲಕ್ಕೆ. "ನೀರಿಗಿ ಹೊಡೀಬ್ಯಾಡ್ರಿ ಸರ, ನಿಮ್ಮ ಕಡಿ ಜಗ್ಗ್ರಿ" ಎಂದು ಅವನು ನೂರು ಸಲವಾದರೂ ಹೇಳಿರಬೇಕು. ನೂರೊಂದನೆಯ ಸಲವೂ ಅದೇ ಸಮಾಧಾನದ ದನಿ. ನಾನು ಮೂರನೆಯ ಸಲಕ್ಕೇ ಬೆತ್ತ ಎತ್ತುತ್ತಿದ್ದವನು. ಆ ದನಿಯನ್ನು ಕೇಳುವಾಗ ನನಗೆ ಒಳಗೊಳಗೇ ಮುಜುಗರವಾಗುತ್ತಿತ್ತು.

ಮೂರನೆಯದು ದಾಟುವ ಲೆಕ್ಕ. ಎದುರಿಗೆ ಕಾಣುವ ದಡಕ್ಕೆ ಗುರಿಯಿಟ್ಟು ಹೊರಟರೆ ಮುಟ್ಟುವುದು ಅದಕ್ಕಿಂತ ಎಷ್ಟೋ ಕೆಳಗೆ. ನೀರು ತನ್ನ ಪಾಲನ್ನು ತೆಗೆದುಕೊಂಡೇ ತೀರುತ್ತದೆ. ಆದ್ದರಿಂದ ಅಂಬಿಗರು ಹರಿಗೋಲನ್ನು ತಲೆಯ ಮೇಲೆ ಹೊತ್ತು ದಂಡೆಗುಂಟ ಮೇಲಕ್ಕೆ ನಡೆದು, ಅಲ್ಲಿಂದ ಬಿಡುತ್ತಾರೆ. ಹೊರಡುವ ಮೊದಲೇ ಎಲ್ಲಿ ಹತ್ತಬೇಕು ಎಂಬುದರ ಜೊತೆಗೆ, ಅದು ತಪ್ಪಿದರೆ ಎಲ್ಲಿ ಹತ್ತಬೇಕು ಎಂಬುದನ್ನೂ ನೋಡಿಟ್ಟುಕೊಳ್ಳಬೇಕು. ಎರಡನೆಯ ಜಾಗವನ್ನು ನೋಡಿಟ್ಟುಕೊಳ್ಳದವನು ನೀರಿಗಿಳಿಯಬಾರದು.

ನೀರನ್ನು ಓದುವುದು ಒಂದು ದೊಡ್ಡ ವಿದ್ಯೆ. ಒಂದೇ ಜಾಗದಲ್ಲಿ ಸದಾ ಕುದಿಯುವಂತೆ ಕಂಡರೆ ಕೆಳಗೆ ಬಂಡೆಯಿದೆ. ಕಸಕಡ್ಡಿ ಸುತ್ತುತ್ತ ನಿಂತಿದ್ದರೆ ಅಲ್ಲಿ ಸುಳಿ. ನಯವಾಗಿ, ಕಪ್ಪಾಗಿ, ಸದ್ದಿಲ್ಲದೆ ಇದ್ದರೆ ಅದು ಮಡು. ಇವು ಹಿಂದಿನವರಿಗೂ ಗೊತ್ತಿದ್ದವು. ಹಿಂದಿನವರಿಗೆ ಗೊತ್ತಿಲ್ಲದ ಒಂದು ಅಪಾಯವನ್ನು ನಮ್ಮ ಕಾಲ ಸೇರಿಸಿದೆ. ಅದು ಉಸುಕು ತೆಗೆದ ಗುಂಡಿ. ನಿನ್ನೆ ಸೊಂಟದುದ್ದ ಇದ್ದ ಕಡೆ ಇಂದು ಎರಡಾಳು ಆಳ. ಮೇಲಿನಿಂದ ನೋಡಿದರೆ ಯಾವ ಗುರುತೂ ಇರುವುದಿಲ್ಲ. ಹೊಳೆಯ ತಳವನ್ನು ಮೂವತ್ತು ವರ್ಷದಿಂದ ಬಲ್ಲೆ ಎನ್ನುವವನ ಜ್ಞಾನವೂ ಇಲ್ಲಿ ಒಂದೇ ರಾತ್ರಿಯಲ್ಲಿ ಹಳೆಯದಾಗುತ್ತದೆ. ಆಳ ನೋಡಲು ಒಂದು ಉದ್ದನೆಯ ಗಳೆ ಸದಾ ಹರಿಗೋಲಿನಲ್ಲಿ ಇರಲಿ.

ಇನ್ನೊಂದು ಮಾತು. ನಮ್ಮ ಭೀಮೆ ನಮ್ಮ ಮಳೆಯನ್ನು ಕೇಳಿ ಬರುವ ಹೊಳೆಯಲ್ಲ. ಸೊಲ್ಲಾಪುರ ಜಿಲ್ಲೆಯಲ್ಲಿ 1980ರಲ್ಲಿ ಮುಗಿದ ಉಜನಿ ಅಣೆಕಟ್ಟು ತುಂಬಿದಾಗ ಅಲ್ಲಿಂದ ಬಿಟ್ಟ ನೀರು, ಅದರ ಜೊತೆಗೆ ನೀರಾ ನದಿಯ ವೀರ್ ಅಣೆಕಟ್ಟಿನಿಂದ ಬಂದ ನೀರು, ನಮ್ಮ ಕಡೆ ನಿರಭ್ರ ಆಕಾಶವಿದ್ದಾಗಲೂ ಹೊಳೆಯನ್ನು ಏರಿಸುತ್ತದೆ. ಅಫಜಲಪುರದ ಸೊನ್ನ ಬ್ಯಾರೇಜಿನ ಗೇಟು ಎತ್ತಿದರೆ ಕೆಳಗಿನ ನಮಗೆ ಅದು ತಲುಪುತ್ತದೆ. ಪತ್ರಿಕೆಯಲ್ಲಿ ಒಂದು ಲಕ್ಷ ಕ್ಯೂಸೆಕ್ ಎಂದು ಓದಿ ಸುಮ್ಮನಾಗುತ್ತೇವೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್. ಒಂದು ಲಕ್ಷ ಕ್ಯೂಸೆಕ್ ಎಂದರೆ ಪ್ರತಿ ಸೆಕೆಂಡಿಗೆ 28 ಲಕ್ಷ ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರುಗಳು ಕಣ್ಣು ಮಿಟುಕಿಸುವುದರಲ್ಲಿ 280 ಹಾದು ಹೋದಂತೆ. ಈ ಲೆಕ್ಕವನ್ನು ನನ್ನ ಶಿಷ್ಯನಿಗೆ ಹೇಳಿದಾಗ ಅವನು ತಲೆದೂಗಿ, ತನ್ನ ಲೆಕ್ಕವನ್ನು ತೋರಿಸಿದ. ದಂಡೆಯ ಅಂಚಿನಲ್ಲಿ ಒಂದು ಕಡ್ಡಿ ನೆಟ್ಟು, ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಕುಳಿತ. ನೀರು ಕಡ್ಡಿಯನ್ನು ದಾಟಿತ್ತು. "ಬಣ್ಣ ಕೆಂಪಾಗ್ಯಾದ, ನೊರಿ ಬರಲತ್ತಾದ, ಮ್ಯಾಲ ಬಿಟ್ಟಾರ. ಇವತ್ತು ಬ್ಯಾಡ್ರಿ ಸರ" ಎಂದ. ಎರಡೂ ಲೆಕ್ಕಗಳ ಉತ್ತರ ಒಂದೇ ಆಗಿತ್ತು. ಆದರೆ ಅವನದು ಬೇಗ ಸಿಗುತ್ತಿತ್ತು.

ಇನ್ನು ಜೋಪಾನ. ಬಳಸಿದ ಮೇಲೆ ಹರಿಗೋಲನ್ನು ನೀರಿನಿಂದ ಎತ್ತಿ, ಕಲ್ಲುಗಳ ಮೇಲೆ ಬೋರಲು ಹಾಕಿ ನೆರಳಿನಲ್ಲಿಡಬೇಕು. ಬರಿ ನೆಲದ ಮೇಲಿಟ್ಟರೆ ಗೆದ್ದಲು ಬಿದಿರನ್ನು ತಿನ್ನುತ್ತದೆ. ಉಸುಕಿನ ಮೇಲೆ ಎಳೆಯಬಾರದು, ಹೊತ್ತೊಯ್ಯಬೇಕು. ವರ್ಷಕ್ಕೊಮ್ಮೆ ಡಾಂಬರು, ಅದೂ ಮಳೆಗೆ ಮೊದಲು, ಒಣಗಲು ಬಿಸಿಲು ಇರುವಾಗ. ಒಳಗೆ ನೀರು ಮೊಗೆಯಲು ಒಂದು ಡಬ್ಬಿ, ಇನ್ನೊಂದು ಹುಟ್ಟು, ಉದ್ದನೆಯ ಹಗ್ಗ. ಹಗ್ಗದ ತುದಿಗೆ ಬಿಗಿಯಾಗಿ ಮುಚ್ಚಳ ಹಾಕಿದ ಐದು ಲೀಟರಿನ ಖಾಲಿ ಎಣ್ಣೆ ಡಬ್ಬಿ ಕಟ್ಟಿಟ್ಟರೆ, ಮುಳುಗುವವನಿಗೆ ಎಸೆಯಲು ಅದಕ್ಕಿಂತ ಒಳ್ಳೆಯ ಸಾಧನ ಬೇಡ. ನನ್ನ ಮೊದಲ ಹರಿಗೋಲನ್ನು ನಾನು ಕಳೆದುಕೊಂಡದ್ದು ಜೋಪಾನ ತಪ್ಪಿದ್ದರಿಂದಲೇ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕವನ್ನೆಲ್ಲ ಮುಳುಗಿಸಿದ ಆ ಮಳೆ ಹಿಡಿಯುವ ಮೊದಲ ವಾರ, ಮತ್ತೆ ಬರುತ್ತೇನಲ್ಲ ಎಂದು ಅದನ್ನು ತಗ್ಗಿನ ಜಾಲಿಗಿಡಕ್ಕೆ ಕಟ್ಟಿ ಬಂದಿದ್ದೆ. ಅಕ್ಟೋಬರಿನಲ್ಲಿ ಹೋಗಿ ನೋಡಿದಾಗ ಹರಿಗೋಲೂ ಇರಲಿಲ್ಲ, ಜಾಲಿಗಿಡವೂ ಇರಲಿಲ್ಲ. ಆ ಮಳೆಯಲ್ಲಿ ಮನೆ ಮಠ ಕಳೆದುಕೊಂಡವರ ಮುಂದೆ ನನ್ನ ನಷ್ಟ ಹೇಳಿಕೊಳ್ಳಲೂ ನಾಚಿಕೆಯಾಗುವಂಥದ್ದು. ಶಿಷ್ಯ ಮರುವರ್ಷ ಇನ್ನೊಂದನ್ನು ಕಟ್ಟಿಕೊಟ್ಟ.

ಇಷ್ಟೆಲ್ಲ ಕಲಿತ ಮೇಲೆ ಮನುಷ್ಯನಿಗೆ ಏನು ಬರುತ್ತದೆ? ಅಹಂಕಾರ ಬರುತ್ತದೆ.

2012ರ ಸಂಕ್ರಾಂತಿ. ನಮ್ಮ ಕಡೆ ಆ ದಿನ ಎಳ್ಳು ಹಚ್ಚಿಕೊಂಡು ಹೊಳೆಯಲ್ಲಿ ಸ್ನಾನ ಮಾಡಿ, ಸಜ್ಜೆಯ ರೊಟ್ಟಿ, ಶೇಂಗಾದ ಹೋಳಿಗೆ ಕಟ್ಟಿಕೊಂಡು ಹೋಗಿ ದಂಡೆಯಲ್ಲಿ ಉಣ್ಣುವುದು ವಾಡಿಕೆ. ಮಗ, ಸೊಸೆ, ಮೊಮ್ಮಗಳು, ಬೀಗರ ಕಡೆಯ ಮೂವರು ಬಂದಿದ್ದರು. ಎಲ್ಲರಿಗೂ ನನ್ನ ಹರಿಗೋಲು ಹತ್ತುವ ಆಸೆ. ನನಗೆ ಹತ್ತಿಸಿ ತೋರಿಸುವ ಆಸೆ. ಜನವರಿಯ ನೀರು ಕನ್ನಡಿಯಂತೆ ನಿಂತಿತ್ತು. ಸೊಸೆ ಅಡುಗೆಯ ಗಂಟು ಕಾಯುತ್ತ ದಂಡೆಯಲ್ಲೇ ಉಳಿದಳು. ಉಳಿದ ಐವರು ಮತ್ತು ನಾನು, ಒಟ್ಟು ಆರು ಜನ. ಶಿಷ್ಯ ಮೆಲ್ಲಗೆ, "ಸರ, ನಾಕು ಮಂದಿ ಸಾಕ್ರಿ. ಉಳದೋರ್ನ ಎರಡನೇ ಖೇಪಿಗಿ ಒಯ್ಯೋಣ್ರಿ" ಎಂದ. ಬೀಗರ ಎದುರಿಗೆ ನನ್ನ ಲೆಕ್ಕವನ್ನು ತಿದ್ದಿದ್ದು ನನಗೆ ಹಿಡಿಸಲಿಲ್ಲ. "ಇಷ್ಟು ಸಮಾಧಾನದ ನೀರಾಗ ಏನ್ ಆಗ್ತದೋ? ಸುಮ್ಮನಿರು" ಎಂದೆ. ಅವನು ಸುಮ್ಮನಾದ.

ಹೊಳೆಯ ನಡುವಿಗೆ ಬಂದಾಗ ಅಂಚು ನೀರಿಗಿಂತ ನಾಲ್ಕು ಬೆರಳು ಮಾತ್ರ ಮೇಲಿತ್ತು. ಅದನ್ನು ನಾನು ನೋಡಿದೆ, ನೋಡಿಯೂ ಹಿಂದಿರುಗಲಿಲ್ಲ. ಬೀಗರ ಕಡೆಯ ಯುವಕನೊಬ್ಬ ಮೊಬೈಲಿನಲ್ಲಿ ಎಲ್ಲರ ಚಿತ್ರ ತೆಗೆಯಲು ಎದ್ದು ನಿಂತ. "ಕೂಡು" ಎನ್ನುವಷ್ಟರಲ್ಲಿ ಅವನ ಕಡೆಯ ಅಂಚು ತಗ್ಗಿ, ನೀರು ಸದ್ದಿಲ್ಲದೆ ಒಳಗೆ ಬಂತು. ಹೆದರಿದ ಎಲ್ಲರೂ ಇನ್ನೊಂದು ಕಡೆಗೆ ಜರುಗಿದರು. ಮುಂದಿನದನ್ನು ಹೇಳಬೇಕಾಗಿಲ್ಲ.

ನೀರಿನಿಂದ ತಲೆ ಎತ್ತಿದಾಗ ನನಗೆ ಮೊದಲು ಕಂಡದ್ದು ತೇಲುತ್ತಿದ್ದ ಬುಟ್ಟಿಯ ಬೆನ್ನು. ಮಗ, ಬೀಗರು, ಆ ಯುವಕ ಅದನ್ನು ಹಿಡಿದುಕೊಂಡಿದ್ದರು. ಒಂಬತ್ತು ವರ್ಷದ ಮೊಮ್ಮಗಳು ಇರಲಿಲ್ಲ. ಅದು ಉಸುಕು ತೆಗೆದ ಜಾಗ. ಕಾಲಿಗೆ ನೆಲ ಸಿಗುತ್ತಿರಲಿಲ್ಲ. ನಾನು ಎಷ್ಟು ಹೊತ್ತು ಹುಡುಕಿದೆನೋ ತಿಳಿಯದು. ಹತ್ತು ಎಣಿಸುವಷ್ಟು ಇರಬೇಕು. ಅಷ್ಟರಲ್ಲಿ ನನ್ನ ಹಿಂದಿನಿಂದ ಯಾರೋ ನೀರಿಗೆ ಹಾರಿದ ಸದ್ದಾಯಿತು. ಶಿಷ್ಯ ಮುಳುಗಿ, ಎದ್ದು, ಮತ್ತೆ ಮುಳುಗಿ, ಮೊಮ್ಮಗಳ ಜಡೆ ಹಿಡಿದು ಮೇಲೆ ಬಂದ. ಅವಳನ್ನು ತನ್ನ ಹರಿಗೋಲಿನ ಅಂಚಿನ ಮೇಲೆ ಹಾಕಿದ. ಅವಳು ಕೆಮ್ಮಿ, ನೀರು ಕಾರಿ, "ಮುತ್ಯಾ" ಎಂದು ಅತ್ತಳು. ಆ ಅಳುವಿಗಿಂತ ಇಂಪಾದ ದನಿಯನ್ನು ನಾನು ಕೇಳಿಲ್ಲ.

ನಾವು ಹೊರಟ ಕೂಡಲೇ ಅವನು ತನ್ನ ಹರಿಗೋಲನ್ನು ನೀರಿಗೆ ಹಾಕಿ, ನಾವು ಕಾಣದಂತೆ ಹಿಂದೆ ಹಿಂದೆ ಬಂದಿದ್ದ.

ಸಂಜೆ ಎಲ್ಲರನ್ನೂ ಕಳಿಸಿ ನಾನು ಅವನ ಗುಡಿಸಲ ಮುಂದೆ ಕುಳಿತೆ. ಕೈ ಇನ್ನೂ ನಡುಗುತ್ತಿತ್ತು. "ಆಗೂದಿಲ್ಲ ಅಂತ ನಿನಗ ಗೊತ್ತಿತ್ತಲ್ಲೋ. ಬಲವಾಗಿ ಯಾಕ ಹೇಳಲಿಲ್ಲ? ನನ್ನ ಕೈ ಹಿಡಿದು ಯಾಕ ತಡೀಲಿಲ್ಲ?" ಎಂದು ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ನೆಲ ನೋಡುತ್ತ ಹೇಳಿದ: "ನಿಮಗ ಹ್ಯಾಂಗ ಹೇಳಲಿ ಸರ? ಹಿರಿಯರಿಗಿ ಎದುರು ಮಾತಾಡಬ್ಯಾಡ ಅಂತ ಸಾಲ್ಯಾಗ ನೀವೇ ಕಲಿಸೀರಿ."

ಅವನ ಮಾತಿನಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು. ಮೂವತ್ತಾರು ವರ್ಷಗಳ ಹಿಂದಿನ ಒದ್ದೆ ಚಡ್ಡಿಯ ಹುಡುಗ ಕಣ್ಣ ಮುಂದೆ ಬಂದ. ಆಗ ಏನು ಹೇಳಲು ಬಾಯಿ ತೆರೆದಿದ್ದೆ ಎಂದು ಕೇಳಿದೆ. ಅವನಿಗೆ ನೆನಪಿತ್ತು. ಅಪ್ಪನಿಗೆ ಆ ವರ್ಷಗಳಲ್ಲಿ ಕಣ್ಣು ಮಂಜಾಗಿತ್ತಂತೆ. ಹೊಳೆ ತುಂಬಿದಾಗ ಬೆಳಗಿನ ಮಬ್ಬಿನಲ್ಲಿ ನೀರಿನ ಗುರುತು ಹತ್ತುತ್ತಿರಲಿಲ್ಲವಂತೆ. ಕಳೆ ತೆಗೆಯಲು ಹೋಗುವ ಹೆಣ್ಣುಮಕ್ಕಳ ಕೊನೆಯ ಖೇಪನ್ನು ಮುಟ್ಟಿಸಿಯೇ ಮಗ ಶಾಲೆಗೆ ಬರಬೇಕಾಗಿತ್ತು. ಅದನ್ನು ಊರಿನಲ್ಲಿ ಹೇಳಿದರೆ ಅಪ್ಪನ ಹರಿಗೋಲು ಯಾರೂ ಹತ್ತುವುದಿಲ್ಲವೆಂಬ ಭಯ. ಮಾಸ್ತರರಿಗೆ ಒಬ್ಬರಿಗಾದರೂ ಹೇಳೋಣವೆಂದು ಬಾಯಿ ತೆರೆದಿದ್ದನಂತೆ. "ಹೋಗ್ಲಿ ಬಿಡ್ರಿ ಸರ, ಮುಗದು ಹೋಗ್ಯಾದ" ಎಂದು ಚಹಾ ತರಲು ಎದ್ದ.

ಮೂವತ್ಮೂರು ವರ್ಷ ಪಾಠ ಹೇಳಿದ ನಾನು ಎಷ್ಟು ಮಕ್ಕಳಿಗೆ ಈ ಸುಮ್ಮನಿರುವ ಪಾಠವನ್ನು ಕಲಿಸಿದೆನೋ! ಅಕ್ಷರ ಮರೆತವರು ಇರಬಹುದು, ಮಗ್ಗಿ ಮರೆತವರು ಇರಬಹುದು. ಇದನ್ನು ಮಾತ್ರ ಯಾರೂ ಮರೆತಿರಲಿಕ್ಕಿಲ್ಲ. ವಿನಯವನ್ನು ಕಲಿಸುತ್ತಿದ್ದೇನೆಂದು ನಾನು ತಿಳಿದಿದ್ದೆ. ಆದರೆ ಗೊತ್ತಿರುವವನು ಗೊತ್ತಿಲ್ಲದವನಿಗೆ ಬೇಡ ಎಂದು ಹೇಳಲಾರದಂತೆ ಮಾಡುವುದು ವಿನಯವಲ್ಲ. ಅದರ ಬೆಲೆಯನ್ನು ನನ್ನ ಮೊಮ್ಮಗಳು ತೆರಬೇಕಾಗಿ ಬಂದಿತ್ತು. ನಾನು ಯಾರ ಬಾಯಿ ಮುಚ್ಚಿಸಿದ್ದೆನೋ ಅವನೇ ಅವಳನ್ನು ಉಳಿಸಿದ.

ಅಂದಿನಿಂದ ನನ್ನ ಹರಿಗೋಲಿಗೆ ಕೆಲವು ಕಟ್ಟಳೆಗಳಾದವು. ಮೊದಲನೆಯದು, ಹುಟ್ಟು ಹಿಡಿದವನೇ ಹಿರಿಯ. ಅವನು ಇಂದು ಬೇಡ ಎಂದರೆ ಜಿಲ್ಲಾಧಿಕಾರಿ ಬಂದರೂ ಬೇಡ. ಎರಡನೆಯದು, ತಲೆಯೆಣಿಕೆ ದಂಡೆಯ ಮೇಲೇ ಆಗಬೇಕು. ಮಕ್ಕಳನ್ನೂ ಪೂರ್ಣ ಲೆಕ್ಕಕ್ಕೆ ಹಿಡಿಯಬೇಕು. ಅಂಚು ನೀರಿಗಿಂತ ಒಂದು ಗೇಣು ಮೇಲಿರಬೇಕು; ಇಲ್ಲದಿದ್ದರೆ ಒಬ್ಬರು ಇಳಿಯಬೇಕು, ಮೊದಲು ಯಜಮಾನನೇ ಇಳಿಯಬೇಕು. ಮೂರನೆಯದು, ಜೀವರಕ್ಷಕ ಜಾಕೆಟ್. ಕಲಬುರಗಿಗೆ ಹೋಗಿ ಹೇಳಿ ತರಿಸಿ, ಮಕ್ಕಳ ಅಳತೆಯವೂ ಸೇರಿ ನಾಲ್ಕು ಕೊಂಡೆ. ಅದನ್ನು ಆಸನದಂತೆ ಕೆಳಗೆ ಹಾಕಿಕೊಳ್ಳುವವರಿದ್ದಾರೆ, ಗುಂಡಿ ಹಾಕದೆ ತೊಡುವವರಿದ್ದಾರೆ. ಪಟ್ಟಿ ಬಿಗಿಯದ ಜಾಕೆಟ್ಟು ನೀರಿಗೆ ಬಿದ್ದಾಗ ಕುತ್ತಿಗೆಯಿಂದ ಕಳಚಿ ತಾನು ಮಾತ್ರ ತೇಲುತ್ತದೆ. ನಾಲ್ಕನೆಯದು, ಮಗುಚಿದರೆ ದಡಕ್ಕೆ ಈಜಲು ಹೋಗದೆ ಹರಿಗೋಲನ್ನೇ ಹಿಡಿದುಕೊಳ್ಳಬೇಕು. ಬಿದಿರಿನದು ಬೋರಲಾದರೂ ತೇಲುತ್ತದೆ. ಫೈಬರಿನದಕ್ಕೆ ಒಳಗೆ ಗಾಳಿಯ ಕೋಣೆ ಇಲ್ಲದಿದ್ದರೆ ನೀರು ತುಂಬಿ ಮುಳುಗಬಹುದು, ಕೊಳ್ಳುವಾಗಲೇ ವಿಚಾರಿಸಬೇಕು.

ನನ್ನಂಥವರಿಗೆ ಹರಿಗೋಲು ಹವ್ಯಾಸ. ಆದರೆ ನಮ್ಮ ಭಾಗದ ಎಷ್ಟೋ ಜನಕ್ಕೆ ಅದು ಇಂದಿಗೂ ಹವ್ಯಾಸವಲ್ಲ ಎಂಬುದನ್ನು ಮರೆಯಬಾರದು. 2014ರಲ್ಲಿ ಕೃಷ್ಣಾ ನದಿಯ ನಡುಗಡ್ಡೆಯಾದ ನೀಲಕಂಠರಾಯನಗಡ್ಡಿಯಿಂದ ತುಂಬು ಗರ್ಭಿಣಿಯೊಬ್ಬಳು ಹೆರಿಗೆಗಾಗಿ ಒಣಗಿದ ಸೋರೆಬುರುಡೆಗಳನ್ನು ಕಟ್ಟಿಕೊಂಡು ತುಂಬಿದ ಹೊಳೆಯನ್ನು ಈಜಿ ದಾಟಿದ ಸುದ್ದಿಯನ್ನು ನೀವೂ ಓದಿರಬಹುದು. ಎಲ್ಲರೂ ಅವಳ ಧೈರ್ಯವನ್ನು ಹೊಗಳಿದರು. ಅದನ್ನು ಓದಿದ ನನ್ನ ಶಿಷ್ಯ, "ಧೈರ್ಯ ಅಲ್ರಿ ಸರ, ಬ್ಯಾರೆ ದಾರಿ ಇದ್ದಿಲ್ಲ" ಎಂದ. ಅವನು ನೀರಿನವನು, ಅವನಿಗೆ ಗೊತ್ತು.

2018ರಲ್ಲಿ, ನನಗೆ ಎಪ್ಪತ್ತು ತುಂಬಿದಾಗ, ಮೊಣಕಾಲು ಬಗ್ಗಿಸಿ ಹರಿಗೋಲಿನ ನಡುವಿಗೆ ಕಾಲಿಡುವುದು ಕಷ್ಟವಾಯಿತು. ಬಗ್ಗಲಾರದವನು ಹರಿಗೋಲು ಹತ್ತಬಾರದು. ಅದನ್ನು ಶಿಷ್ಯನಿಗೇ ಕೊಟ್ಟೆ. ಅವನು ಬೇಡವೆಂದ, ನಾನು ಬಿಡಲಿಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆ ಮತ್ತೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಗೆ ನುಗ್ಗಿದಾಗ ಮೋಟಾರು ದೋಣಿಗಳೂ ರಕ್ಷಣಾ ಪಡೆಯವರೂ ಬಂದರು. ಅವರು ಬರುವ ಮೊದಲು ತನ್ನ ಓಣಿಯ ಮುದುಕರನ್ನೂ ಮಕ್ಕಳನ್ನೂ ಎತ್ತರದ ಜಾಗಕ್ಕೆ ಸಾಗಿಸಿದ್ದು ಅದೇ ಹರಿಗೋಲು. ಫೋನಿನಲ್ಲಿ ಅವನು ವಿವರ ಹೇಳುತ್ತಿದ್ದ. ಊರಿನ ಹಿರಿಯರೊಬ್ಬರು ತಮ್ಮ ಟ್ರಂಕನ್ನೂ ಜೊತೆಗೆ ಹೇರಲು ಹಟ ಹಿಡಿದರಂತೆ. "ನೀ ಏನಂದಿ?" ಎಂದು ಕೇಳಿದೆ. "ಆಗಂಗಿಲ್ಲ, ಟ್ರಂಕು ಇಳಸ್ರಿ, ಇಲ್ಲಂದ್ರ ನೀವೂ ಇಳೀರಿ ಅಂದ್ಯಾ ಸರ" ಎಂದ.

ಫೋನು ಇಟ್ಟ ಮೇಲೆ ನಾನು ಬಹಳ ಹೊತ್ತು ಅಂಗಳದಲ್ಲಿ ಕುಳಿತಿದ್ದೆ. ಮಳೆ ನಿಂತು ತೊಗರಿ ಹೊಲಗಳ ಕಡೆಯಿಂದ ಹಸಿಮಣ್ಣಿನ ವಾಸನೆ ಬರುತ್ತಿತ್ತು.

ಮೊಮ್ಮಗಳು ಈಗ ಕಾಲೇಜು ಮುಗಿಸುತ್ತಿದ್ದಾಳೆ. ಈಜು ಕಲಿತಿದ್ದಾಳೆ. ನಾನು ಏನಾದರೂ ಹೇಳಿದರೆ ಮೊದಲು "ಯಾಕ, ಮುತ್ಯಾ?" ಎಂದು ಕೇಳುತ್ತಾಳೆ. ಮನೆಯವರು ಇದು ಎದುರು ಮಾತು ಎನ್ನುತ್ತಾರೆ. ನಾನು ಯಾಕೆಂದು ಹೇಳುತ್ತೇನೆ. ಹೇಳಲು ಕಾರಣ ಸಿಗದಿದ್ದರೆ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.